ನೋಡೋದಕ್ಕೂ ದುಡ್ಡಾ?

ಈ ಬ್ಲಾಗಿನ ಕಡೆ ತಲೆ ಹಾಕದೆ ನಾಲ್ಕು ತಿಂಗಳ ಮೇಲಾಯ್ತು. "ಏನ್ರೀ, ನಾಪತ್ತೆ?" ಅಂತ ಇಬ್ಬರು ಮೇಲ್ ಹಾಕಿ ವಿಚಾರಿಸಿಕೊಂಡಿದ್ದರು. (ಇಬ್ಬರು ಓದುಗರಿದ್ದಾರೆ ಅಂತ ಗೊತ್ತಾಗಿ ಖುಷಿಯೂ ಆಯ್ತು!) ಕಾರಣ ಏನಪ್ಪಾ ಅಂದರೆ ಆಫೀಸು, ಸೋಮಾರಿತನ, ಮತ್ತೆ ಒಂದು ಹಳೇ ಕಾರು. ಮೊದಲಿನ ಎರಡರ ಬಗ್ಗೆ ಬರೆಯೋಕೆ ಏನೂ ಇಲ್ಲ. ಕಾರಿನ ಬಗ್ಗೆ ಇದೆ. ಕಾರಿನ ನೆಪದಲ್ಲಿ ಒಂದು ಸಣ್ಣ ಜಗಳವೂ ಇದೆ. ಜಗಳ ಮೆಕ್ಯಾನಿಕ್ಕುಗಳ ಜೊತೆ ಅಂದುಕೊಂಡು ಶುರು ಮಾಡಿದ್ದೆ, ಬರೀತಾ ಬರೀತಾ ಅದು ನನ್ನ ಜೊತೆಗೇ ಅಂತ ಗೊತ್ತಾಯ್ತು.

2025ರ ಮಾರ್ಚ್‌ನ ಒಂದು ಭಾನುವಾರ ಸಂಜೆ ಹಾಸನದಿಂದ ಅಮ್ಮನ ಫೋನು.

"ಪುಟ್ಟಾ, ಕಾರು ಕೂಗ್ತದೆ ಕಣೋ, ಓಡಲ್ಲ."

"ಕೂಗ್ತದೆ ಅಂದ್ರೆ?"

"ಕೂಗ್ತದೆ ಅಂದ್ರೆ ಕೂಗ್ತದೆ. ನಾನು ಒತ್ತಿದ್ದು ಅಷ್ಟೇ, ಅದು ಮಾತ್ರ ಜೋರಾಗಿ ಕೂಗಿ, ಆಮೇಲೆ ಯೋಚನೆ ಮಾಡಿ, ಆಮೇಲೆ ಹೋಯ್ತು. ಚನ್ನರಾಯಪಟ್ಟಣದಿಂದ ಬರ್ತಾ, ಶಾಂತಿಗ್ರಾಮ ದಾಟಿದ ಮೇಲೆ. ಹೋಗ್ತಾ ಏನೂ ಆಗಿರಲಿಲ್ಲ."

ನಾನು ಕೆಲಸ ಮಾಡೋ ಕಂಪನಿಯಲ್ಲಿ ದಿನಕ್ಕೆ ಹತ್ತಾರು ಬಗ್ ರಿಪೋರ್ಟು ಓದ್ತೀನಿ. ಅರ್ಧಕ್ಕರ್ಧ "ಕೆಲಸ ಮಾಡುತ್ತಿಲ್ಲ, ದಯವಿಟ್ಟು ನೋಡಿ" ಅನ್ನುವಂಥವು. ಅಮ್ಮ ಹೇಳಿದ ನಾಲ್ಕು ಮಾತಲ್ಲಿ ಏನಾಗುತ್ತೆ, ಯಾವಾಗ ಆಗುತ್ತೆ, ಯಾವಾಗ ಆಗಲ್ಲ, ಎಲ್ಲಾ ಇತ್ತು. ಅದು ಎಷ್ಟು ಬೆಲೆಬಾಳುವ ಮಾಹಿತಿ ಅಂತ ಆವತ್ತು ನನಗೆ ಹೊಳೆಯಲಿಲ್ಲ ಅನ್ನೋದು ಬೇರೆ ಮಾತು.

ಈ ಕಾರಿನ ಬಗ್ಗೆ ಸ್ವಲ್ಪ ಹೇಳಿಬಿಡ್ತೀನಿ. 2011ರ ಮಾಡೆಲ್ಲಿನ ಸಣ್ಣ ಕಾರು, ನಾಲ್ಕು ಗೇರಿನ ಆಟೋಮ್ಯಾಟಿಕ್. 2019ರಲ್ಲಿ ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ಅಮ್ಮ ಅದಕ್ಕೂ ಮುಂಚೆ ಎರಡು ಸಲ ಡ್ರೈವಿಂಗ್ ಕಲಿಯೋಕೆ ಹೋಗಿ ಬಿಟ್ಟಿದ್ದರು. ಪಕ್ಕದಲ್ಲಿ ಅಪ್ಪ ಕೂತು "ಕ್ಲಚ್ ನಿಧಾನಕ್ಕೆ ಬಿಡು ಅಂದ್ನಲ್ಲ, ನಿಧಾನಕ್ಕೇ!" ಅಂತ ಕೂಗಿದರೆ ಯಾರಿಗೆ ತಾನೇ ಬರುತ್ತೆ ಹೇಳಿ. ಕ್ಲಚ್ಚೇ ಇಲ್ಲದ ಕಾರು ಮನೆಗೆ ಬಂದ ಮೇಲೆ ಐವತ್ತೊಂದನೇ ವಯಸ್ಸಿಗೆ ಅಮ್ಮ ಲೈಸೆನ್ಸ್ ತಗೊಂಡರು. 2022ರಲ್ಲಿ ಅಪ್ಪನಿಗೆ ಸ್ಟ್ರೋಕ್ ಆಯ್ತು. ಎಡಗೈ, ಎಡಗಾಲು ಅರ್ಧ ಮಾತು ಕೇಳುತ್ತವೆ. ವಾರಕ್ಕೆ ಮೂರು ದಿನ ಫಿಸಿಯೋಥೆರಪಿ, ತಿಂಗಳಿಗೊಮ್ಮೆ ಡಾಕ್ಟರು. ನಮ್ಮನೆ ಇರೋದು ಊರಾಚೆಯ ಬಡಾವಣೆಯಲ್ಲಿ, ಕರೆದ ಹೊತ್ತಿಗೆ ಆಟೋ ಬರಲ್ಲ. ಬಂದರೂ ಅಪ್ಪನ್ನ ಹತ್ತಿಸಿ ಇಳಿಸೋದು ಸುಲಭ ಅಲ್ಲ. ಹಾಗಾಗಿ ಆ ಕಾರು ಅಂದರೆ ನಮ್ಮನೆ ಮಟ್ಟಿಗೆ ಅಪ್ಪನ ಕಾಲು, ಅಮ್ಮನ ಧೈರ್ಯ ಎರಡೂ ಹೌದು. ಬೆಂಗಳೂರಲ್ಲಿ ಕೂತು "ಹಳೇ ಕಾರು, ಮಾರಿಬಿಡಿ" ಅನ್ನೋದು ಸುಲಭ.

ಮುಂದಿನ ವಾರ ಊರಿಗೆ ಹೋದೆ. ಎಂಜಿನಿಯರಿಂಗ್ ಓದಿದವನಲ್ವಾ, ಎರಡು ರಾತ್ರಿ ಇಂಟರ್ನೆಟ್ಟಲ್ಲಿ ಓದಿಕೊಂಡು ಬೇರೆ ಹೋಗಿದ್ದೆ. ಬಾನೆಟ್ ಎತ್ತಿ, ಗೇರ್‌ಬಾಕ್ಸ್ ಆಯಿಲ್ಲಿನ ಡಿಪ್‌ಸ್ಟಿಕ್ ಹುಡುಕಿ, ಎಳೆದು, ಬಟ್ಟೆಯಲ್ಲಿ ಒರೆಸಿ, ಮತ್ತೆ ಹಾಕಿ ತೆಗೆದೆ. ಆಯಿಲ್ ಗುರುತಿನ ಮೇಲೇ ಇತ್ತು. "ಆಯಿಲ್ ಸರಿಯಾಗಿದೆಯಮ್ಮ, ಸಮಸ್ಯೆ ಒಳಗೇ ಇರಬೇಕು" ಅಂತ ಗಂಭೀರವಾಗಿ ತೀರ್ಪು ಕೊಟ್ಟೆ. ಈ ತೀರ್ಪನ್ನು ನೆನಪಿಟ್ಟುಕೊಳ್ಳಿ, ಮುಂದೆ ಮರ್ಯಾದೆ ಹೋಗುವುದಿದೆ.

ಆಮೇಲೆ ಗ್ಯಾರೇಜುಗಳ ಯಾತ್ರೆ. ಮೊದಲು ಕಂಪನಿಯದ್ದೇ ಸರ್ವಿಸ್ ಸೆಂಟರ್. ಬೆಳಗ್ಗೆ ಒಂಬತ್ತಕ್ಕೆ ಕಾರು ಕೊಟ್ಟೆವು. ಅವರು ಒಂದು ಸುತ್ತು ಹೊಡೆದು ಬಂದು "ಏನೂ ಇಲ್ವಲ್ಲ ಸಾರ್" ಅಂದರು. ಬಿಸಿಯಾದ ಮೇಲೆ ಮಾತ್ರ ಆಗುತ್ತೆ ಅಂತ ಹೇಳಿದ್ದಕ್ಕೆ ಮಧ್ಯಾಹ್ನ ಇನ್ನೊಂದು ಸುತ್ತು ಹೋದರು. ಈ ಸಲ ಕಾರು ಕೂಗಿತು. ಅರ್ಧ ಗಂಟೆಯಲ್ಲಿ ಎಸ್ಟಿಮೇಟ್ ಕೈಗೆ ಬಂತು: ಗೇರ್‌ಬಾಕ್ಸ್ ಅಸೆಂಬ್ಲಿ ಬದಲಾವಣೆ, ಲೇಬರ್ ಸೇರಿ ಒಂದು ಲಕ್ಷ ಎಪ್ಪತ್ತು ಸಾವಿರ. ಮಾರಿದರೆ ಆ ಕಾರಿಗೆ ಎರಡು ಲಕ್ಷ ಬಂದರೆ ಹೆಚ್ಚು. ಎರಡನೇ ಗ್ಯಾರೇಜಿನವರು ಇನ್ನೂ ನೇರ. "ಆಟೋಮ್ಯಾಟಿಕ್ ನಾವು ಮುಟ್ಟಲ್ಲ ಸಾರ್. ಯಾರಿಗಾದ್ರೂ ದಾಟಿಸಿಬಿಡಿ" ಅಂದರು. ಇಬ್ಬರಲ್ಲಿ ಒಬ್ಬರೂ ಡಿಪ್‌ಸ್ಟಿಕ್ ಎಳೆದು ನೋಡಲಿಲ್ಲ, ಕಾರಿನ ಕೆಳಗೆ ಬಗ್ಗಲಿಲ್ಲ.

ಮೂರನೆಯವರು ಬೇಲೂರು ರಸ್ತೆಯಲ್ಲಿ ಒಂದು ಶೆಡ್ಡು ಇಟ್ಟುಕೊಂಡಿರೋ ಮೇಸ್ತ್ರಿ. ಸಕಲೇಶಪುರದ ಕಡೆಯವರು, ಹನ್ನೊಂದು ವರ್ಷ ದುಬೈಯಲ್ಲಿ ಗ್ಯಾರೇಜ್ ಕೆಲಸ ಮಾಡಿ ಬಂದವರು. ಅಲ್ಲಿ ಓಡೋದೇ ಬಹುಪಾಲು ಆಟೋಮ್ಯಾಟಿಕ್ ಗಾಡಿಗಳು. ಫೋನಲ್ಲಿ ಮಾತಾಡಿದಾಗ ಅವರು ಹೇಳಿದ ಮೊದಲ ಮಾತು: "ನೋಡೋದಕ್ಕೆ ಒಂದೂವರೆ ಸಾವಿರ ಆಗುತ್ತೆ ಸಾರ್. ರಿಪೇರಿ ಮಾಡಿಸ್ತೀರೋ ಬಿಡ್ತೀರೋ ನಿಮ್ಮಿಷ್ಟ. ಅದು ಮಾತ್ರ ಕೊಡಬೇಕು."

ನನ್ನ ಬಾಯಿಂದ ತಟ್ಟನೆ ಬಂದಿದ್ದು: "ಬರೀ ನೋಡೋದಕ್ಕೂ ದುಡ್ಡಾ?"

ಅವರು ನಕ್ಕು "ಹೂಂ ಸಾರ್, ನೋಡೋದಕ್ಕೇ" ಅಂದರು.

*

ಮುಂದೆ ಹೋಗೋ ಮುಂಚೆ, ಸ್ಲಿಪ್ ಆಗೋದು ಅಂದರೆ ಏನು ಅಂತ ಎರಡು ಮಾತು. ಮಾಮೂಲಿ ಕಾರಿನಲ್ಲಿ ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ ಒಂದು ಕ್ಲಚ್ ಇರುತ್ತೆ, ಅದನ್ನು ನಮ್ಮ ಎಡಗಾಲು ಆಡಿಸುತ್ತೆ. ಹಳೇ ನಮೂನೆಯ ಆಟೋಮ್ಯಾಟಿಕ್ಕಿನಲ್ಲಿ ಆ ಜಾಗದಲ್ಲಿ ಟಾರ್ಕ್ ಕನ್ವರ್ಟರ್ ಇರುತ್ತೆ. ಎರಡು ಟೇಬಲ್ ಫ್ಯಾನನ್ನು ಎದುರುಬದುರು ಇಟ್ಟು ಒಂದನ್ನು ಹಾಕಿದರೆ ಅದರ ಗಾಳಿಗೆ ಇನ್ನೊಂದೂ ತಿರುಗುತ್ತಲ್ಲ, ಹಾಗೆ. ಇಲ್ಲಿ ಗಾಳಿಯ ಬದಲು ಆಯಿಲ್. ಅದರ ಹಿಂದೆ ಗೇರುಗಳು, ಮತ್ತು ಯಾವ ಗೇರ್ ಬೇಕೋ ಅದನ್ನು ಹಿಡಿದುಕೊಳ್ಳೋಕೆ ತೆಳ್ಳನೆ ಪ್ಲೇಟುಗಳ ಸಣ್ಣ ಸಣ್ಣ ಕ್ಲಚ್ಚುಗಳು. ಈ ಪ್ಲೇಟುಗಳನ್ನು ಒತ್ತಿ ಹಿಡಿಯೋದೂ ಅದೇ ಆಯಿಲ್ಲಿನ ಒತ್ತಡ. ಅಂದರೆ ಶಕ್ತಿ ದಾಟಿಸೋದು, ಕ್ಲಚ್ ಒತ್ತೋದು, ತಣ್ಣಗಿಡೋದು, ಜಾರಿಕೆ ಕೊಡೋದು, ಎಲ್ಲಾ ಒಂದೇ ಆಯಿಲ್. 1940ರ ಮಾಡೆಲ್ಲಿನ ಓಲ್ಡ್ಸ್‌ಮೊಬೈಲ್ ಕಾರುಗಳಲ್ಲಿ ಜನರಲ್ ಮೋಟರ್ಸ್‌ನವರು ಹೈಡ್ರಾಮ್ಯಾಟಿಕ್ ಅನ್ನೋ ಪೂರ್ತಿ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಕೊಟ್ಟಾಗಿನಿಂದ ಗೇರುಗಳ ಸಂಖ್ಯೆ, ಕಂಪ್ಯೂಟರು ಎಲ್ಲಾ ಬದಲಾಗಿವೆ. ಆಯಿಲ್ಲಿನ ಮೇಲಿನ ಅವಲಂಬನೆ ಬದಲಾಗಿಲ್ಲ.

ಈ ಒತ್ತಡ ಕಡಿಮೆಯಾದರೆ ಅಥವಾ ಪ್ಲೇಟು ಸವೆದರೆ ಹಿಡಿತ ಸಡಿಲ. ಎಂಜಿನ್ ಜೋರಾಗಿ ತಿರುಗುತ್ತೆ, ಆರ್‌ಪಿಎಂ ಮುಳ್ಳು ಏರುತ್ತೆ, ಚಕ್ರಕ್ಕೆ ಸುದ್ದಿ ಮುಟ್ಟಲ್ಲ. ಅಮ್ಮನ ಭಾಷೆಯಲ್ಲಿ, ಕೂಗ್ತದೆ, ಓಡಲ್ಲ.

ಮೇಸ್ತ್ರಿ ಏನು ಮಾಡಿದರು ಅಂದರೆ, ಮೊದಲು ಏನೂ ಬಿಚ್ಚಲಿಲ್ಲ. ಅಮ್ಮನನ್ನೇ ಡ್ರೈವರ್ ಸೀಟಲ್ಲಿ ಕೂರಿಸಿ, ತಾವು ಪಕ್ಕದಲ್ಲಿ ಕೂತು, "ಅಮ್ಮಾ, ನೀವು ದಿನಾ ಹೇಗೆ ಓಡಿಸ್ತೀರೋ ಹಾಗೇ ಓಡಿಸಿ" ಅಂತ ಮುಕ್ಕಾಲು ಗಂಟೆ ಸುತ್ತಿದರು. ನಾನು ಹಿಂದಿನ ಸೀಟಲ್ಲಿ. ಅವರು ಕೇಳುತ್ತಿದ್ದ ಪ್ರಶ್ನೆಗಳು ಹೀಗಿದ್ದವು. ತಣ್ಣಗಿದ್ದಾಗಲೋ, ಬಿಸಿಯಾದಾಗಲೋ? ಯಾವ ಗೇರಿಂದ ಯಾವ ಗೇರಿಗೆ ಹೋಗುವಾಗ? ಗೇರ್ ಬಿದ್ದ ಮೇಲೆ ಹಿಡಿದುಕೊಳ್ಳುತ್ತಾ, ಆಮೇಲೂ ಜಾರುತ್ತಾ? ರಿವರ್ಸ್ ಹೇಗಿದೆ? ನಿಂತಲ್ಲಿಂದ ಡಿಗೆ ಹಾಕಿದರೆ ತಕ್ಷಣ ಎಳೆಯುತ್ತಾ, ಎರಡು ಕ್ಷಣ ಯೋಚಿಸುತ್ತಾ?

ಉತ್ತರ ಇಷ್ಟು: ಬಿಸಿಯಾದ ಮೇಲೆ ಮಾತ್ರ. ನಲವತ್ತರ ಆಸುಪಾಸಿನಲ್ಲಿ, ಎರಡರಿಂದ ಮೂರಕ್ಕೆ ಹೋಗುವಾಗ. ಮೂರು ಬಿದ್ದ ಮೇಲೆ ಗಟ್ಟಿ. ನಾಲ್ಕು ಗಟ್ಟಿ. ರಿವರ್ಸ್ ಗಟ್ಟಿ.

ವಾಪಸ್ ಬಂದು ಆಯಿಲ್ ಡಬ್ಬದ ರಟ್ಟಿನ ಮೇಲೆ ಪೆನ್ಸಿಲ್ಲಲ್ಲಿ ಹೀಗೆ ಬರೆದರು:

1ನೇ ಗೇರ್ – ಅಂಡರ್‌ಡ್ರೈವ್ ಕ್ಲಚ್, ಲೋ-ರಿವರ್ಸ್ ಬ್ರೇಕ್
2ನೇ ಗೇರ್ – ಅಂಡರ್‌ಡ್ರೈವ್ ಕ್ಲಚ್, ಸೆಕೆಂಡ್ ಬ್ರೇಕ್
3ನೇ ಗೇರ್ – ಅಂಡರ್‌ಡ್ರೈವ್ ಕ್ಲಚ್, ಓವರ್‌ಡ್ರೈವ್ ಕ್ಲಚ್
4ನೇ ಗೇರ್ – ಓವರ್‌ಡ್ರೈವ್ ಕ್ಲಚ್, ಸೆಕೆಂಡ್ ಬ್ರೇಕ್
ರಿವರ್ಸ್ – ರಿವರ್ಸ್ ಕ್ಲಚ್, ಲೋ-ರಿವರ್ಸ್ ಬ್ರೇಕ್

ಅಯ್ಯೋ, ಇದು ಟ್ರೂತ್ ಟೇಬಲ್ಲು! ಡಿಜಿಟಲ್ ಎಲೆಕ್ಟ್ರಾನಿಕ್ಸ್ ಲ್ಯಾಬಲ್ಲಿ ಬರೆದು ಬರೆದು ಸಾಕಾಗಿದ್ದ ಅದೇ ಟೇಬಲ್ಲು. (ಎಲ್ಲಾ ಗೇರ್‌ಬಾಕ್ಸಿಗೂ ಇದೇ ಅಲ್ಲ, ಒಂದೊಂದು ವಿನ್ಯಾಸಕ್ಕೆ ಒಂದೊಂದು. ಇದು ನಮ್ಮ ಡಬ್ಬಿಯದ್ದು.) ನೀವೇ ನೋಡಿ. ಮೂರಕ್ಕೆ ಬೇಕಾದ್ದು ಅಂಡರ್‌ಡ್ರೈವ್ ಮತ್ತು ಓವರ್‌ಡ್ರೈವ್. ಅಂಡರ್‌ಡ್ರೈವ್ ಹಾಳಾಗಿದ್ದರೆ ಒಂದು, ಎರಡರಲ್ಲೂ ಜಾರಬೇಕಿತ್ತು, ಜಾರಲ್ಲ. ಓವರ್‌ಡ್ರೈವ್ ಪ್ಲೇಟು ಸುಟ್ಟುಹೋಗಿದ್ದರೆ ಮೂರು ಬಿದ್ದ ಮೇಲೂ ಜಾರಬೇಕು, ನಾಲ್ಕರಲ್ಲೂ ಜಾರಬೇಕು. ಅದೂ ಇಲ್ಲ. ಎರಡೂ ಹಿಡಿದುಕೊಳ್ಳುತ್ತಿವೆ. ತೊಂದರೆ ಇರೋದು ಸೆಕೆಂಡ್ ಬ್ರೇಕ್ ಕೈಬಿಟ್ಟು ಓವರ್‌ಡ್ರೈವ್ ಕೈಹಿಡಿಯುವ ಆ ಅರೆಕ್ಷಣದಲ್ಲಿ. ಹೊಸದಾಗಿ ಹಿಡಿಯಬೇಕಾದ ಕ್ಲಚ್ಚಿಗೆ ಆಯಿಲ್ ತುಂಬೋದು ತಡವಾಗುತ್ತಿದೆ. ಅದೂ ಬಿಸಿಯಾದಾಗ, ಅಂದರೆ ಆಯಿಲ್ ತೆಳುವಾದಾಗ.

"ಅಂದ್ರೆ ಸಾರ್, ಮೊದಲು ಅನುಮಾನ ಪಡಬೇಕಾದ್ದು ಆಯಿಲ್ಲು, ಆಮೇಲೆ ಸೊಲೆನಾಯ್ಡು, ಆಮೇಲೆ ವಾಲ್ವ್ ಬಾಡಿ. ಪ್ಲೇಟು ಕಡೆಗೆ."

"ಆಯಿಲ್ ನಾನೇ ನೋಡಿದ್ದೆ, ಸರಿಯಾಗಿತ್ತು" ಅಂದೆ.

"ಎಂಜಿನ್ ಆಫ್ ಇತ್ತಾ, ಆನ್ ಇತ್ತಾ?"

ಆಫ್ ಇತ್ತು. ತಣ್ಣಗೂ ಇತ್ತು. ಎಂಜಿನ್ ನಿಂತಿದ್ದಾಗ ಪಂಪ್ ಕೆಲಸ ಮಾಡಲ್ಲ, ಮೇಲಿನ ಆಯಿಲ್ ಎಲ್ಲಾ ಕೆಳಗಿಳಿದು ಮಟ್ಟ ಜಾಸ್ತಿ ತೋರಿಸುತ್ತೆ. ನಮ್ಮ ಕಾರಿನಂಥದ್ದರಲ್ಲಿ ಬಿಸಿಯಾದ ಮೇಲೆ, ಸಮತಟ್ಟಾದ ಜಾಗದಲ್ಲಿ, ಎಂಜಿನ್ ಓಡುತ್ತಿರುವಾಗಲೇ, ಬ್ರೇಕ್ ಒತ್ತಿ ಲಿವರನ್ನು ಎಲ್ಲಾ ಗೇರಿಗೂ ಒಮ್ಮೆ ಓಡಾಡಿಸಿ, ನ್ಯೂಟ್ರಲ್ಲಿಗೆ ತಂದು ನೋಡಬೇಕು. ಕೆಲವು ಕಾರುಗಳಲ್ಲಿ ಪಾರ್ಕಿನಲ್ಲಿಟ್ಟು ನೋಡಬೇಕು, ಕೆಲವದರಲ್ಲಿ ಬಿಸಿಯಾದ ಮೇಲೆ ಎಂಜಿನ್ ಆಫ್ ಮಾಡಿ ಕೂಡಲೇ ನೋಡಬೇಕು, ಕೆಲವದಕ್ಕೆ ಡಿಪ್‌ಸ್ಟಿಕ್ಕೇ ಇಲ್ಲ. ಕಾರಿನ ಪುಸ್ತಕದಲ್ಲಿ ಬರೆದಿರುತ್ತೆ. ಇಡೀ ಇಂಟರ್ನೆಟ್ ಓದಿದ ಎಂಜಿನಿಯರು ಡ್ಯಾಶ್‌ಬೋರ್ಡಿನ ಡಬ್ಬಿಯೊಳಗಿದ್ದ ಆ ಪುಸ್ತಕ ತೆಗೆದಿರಲಿಲ್ಲ. ಮೇಸ್ತ್ರಿ ನೋಡಿದಾಗ ಆಯಿಲ್ ಕೆಳಗಿನ ಗುರುತಿಗಿಂತಲೂ ಕೆಳಗಿತ್ತು. ಅಮ್ಮ ನನ್ನ ಕಡೆ ತಿರುಗಿ ಏನೂ ಮಾತಾಡಲಿಲ್ಲ. ಮಾತಾಡಿದ್ದರೇ ವಾಸಿಯಿತ್ತು :-)

ಆಯಿಲ್ ಹೋಯ್ತಾದರೂ ಎಲ್ಲಿಗೆ? ಗೇರ್‌ಬಾಕ್ಸ್ ಆಯಿಲ್ ಎಂಜಿನ್ ಆಯಿಲ್ಲಿನ ಹಾಗೆ ಉರಿದು ಖರ್ಚಾಗಲ್ಲ. ಕಡಿಮೆ ಆಗಿದೆ ಅಂದರೆ ಎಲ್ಲೋ ಸೋರಿದೆ ಅಂತಲೇ. ಜಾಕ್ ಹಾಕಿ ನೋಡಿದರೆ ಎಡಗಡೆಯ ಡ್ರೈವ್ ಶಾಫ್ಟ್ ಗೇರ್‌ಬಾಕ್ಸಿನೊಳಗೆ ಹೋಗುವ ಜಾಗದಲ್ಲಿ ಒದ್ದೆ, ಅದರ ಮೇಲೆ ಧೂಳು ಮೆತ್ತಿ ಕೆಸರಾಗಿತ್ತು. ಆಗ ಅಮ್ಮನಿಗೆ ನೆನಪಾಯ್ತು. ಒಂದೂವರೆ ವರ್ಷದ ಹಿಂದೆ ಆ ಶಾಫ್ಟಿನ ರಬ್ಬರ್ ಬೂಟ್ ಹರಿದು ಒಂದು ಸಣ್ಣ ಗ್ಯಾರೇಜಿನಲ್ಲಿ ಬದಲಾಯಿಸಿದ್ದರು. ಶಾಫ್ಟ್ ಎಳೆದಾಗ ಸ್ವಲ್ಪ ಆಯಿಲ್ ಹೊರಗೆ ಬರುತ್ತೆ. ವಾಪಸ್ ತೂರಿಸುವಾಗ ಹುಷಾರಾಗಿರದಿದ್ದರೆ ಒಳಗಿನ ಸೀಲ್ ಗಾಯವಾಗುತ್ತೆ. ಬಿಲ್ಲಿನಲ್ಲಿ "ಗೇರ್ ಆಯಿಲ್ ಟಾಪ್ ಅಪ್" ಅಂತಲೂ ಇತ್ತು. ಯಾವ ಆಯಿಲ್ ಅಂತ ಬರೆದಿರಲಿಲ್ಲ.

ಇದು ಸಣ್ಣ ವಿಷಯ ಅಲ್ಲ. ಆಟೋಮ್ಯಾಟಿಕ್ ಆಯಿಲ್ಲುಗಳು ಬಹುಪಾಲು ಕೆಂಪಗೇ ಇರುತ್ತವೆ, ಆದರೆ ಕೆಂಪು ಬರೀ ಬಣ್ಣ. ಡೆಕ್ಸ್ರಾನ್, ಎಸ್‌ಪಿ-3, ಡಿಡಬ್ಲ್ಯೂ-1, ಡಬ್ಲ್ಯೂಎಸ್ ಅಂತ ಒಂದೊಂದು ತಯಾರಕರದ್ದು ಒಂದೊಂದು ಗುಣ. ಪ್ಲೇಟಿಗೆ ಎಷ್ಟು ಹಿಡಿತ ಕೊಡಬೇಕು, ಬಿಸಿಯಲ್ಲಿ ಎಷ್ಟು ತೆಳುವಾಗಬೇಕು ಅನ್ನೋದು ಬೇರೆ ಬೇರೆ. ಸಿಕ್ಕ ಕೆಂಪು ಆಯಿಲ್ ಸುರಿಯೋದು ಅಂದರೆ, ಬಿ ಪಾಸಿಟಿವ್ ಮನುಷ್ಯನಿಗೆ "ರಕ್ತ ತಾನೇ, ಕೆಂಪಗಿದೆಯಲ್ಲ" ಅಂತ ಎ ಪಾಸಿಟಿವ್ ಏರಿಸಿದ ಹಾಗೆ.

ಹಳೇ ಆಯಿಲ್ ಇಳಿಸಿದಾಗ ನಾನು ಉಸಿರು ಬಿಗಿ ಹಿಡಿದು ನಿಂತಿದ್ದೆ. ಕಂದು ಬಣ್ಣ, ಆದರೆ ಸುಟ್ಟ ವಾಸನೆ ಇಲ್ಲ. ಕೆಳಗಿನ ಆಯಸ್ಕಾಂತದ ಮೇಲೆ ಬೂದಿಯಂಥ ನುಣ್ಣನೆ ಲೇಪ. ಅದು ಸಹಜವಂತೆ. ಮಿಂಚುವ ಲೋಹದ ಚೂರು ಅಥವಾ ಪ್ಲೇಟಿನ ಕಪ್ಪು ಪದರ ಸಿಕ್ಕಿದ್ದರೆ ಕಥೆಯೇ ಬೇರೆ. ಸೊಲೆನಾಯ್ಡುಗಳ ರೋಧವನ್ನು ಮೀಟರಿನಲ್ಲಿ ಅಳೆದರು, ಎಲ್ಲಾ ಸರಿಯಿತ್ತು. "ಒಂದ್ಸಲ ಹೊಸದು ಹಾಕಿಬಿಡೋಣ ಅಲ್ವಾ, ಹೇಗಿದ್ರೂ ಬಿಚ್ಚಿದೀರಲ್ಲ?" ಅಂದೆ ನಾನು, ಧಾರಾಳವಾಗಿ. ಅವರು "ಚೆನ್ನಾಗಿರೋದನ್ನ ಯಾಕೆ ಸಾರ್ ತೆಗೀಬೇಕು?" ಅಂದುಬಿಟ್ಟರು. ಇಂಟರ್ನೆಟ್ಟಲ್ಲಿ ಓದಿದ್ದ ಸ್ಟಾಲ್ ಟೆಸ್ಟ್ ಬಗ್ಗೆಯೂ ಕೇಳಿದೆ. ಬ್ರೇಕ್ ಗಟ್ಟಿಯಾಗಿ ಒತ್ತಿ, ಡಿಯಲ್ಲಿಟ್ಟು, ಕೆಲವೇ ಸೆಕೆಂಡು ಪೂರ್ತಿ ಆಕ್ಸಿಲರೇಟರ್ ಕೊಟ್ಟು ಆರ್‌ಪಿಎಂ ಎಲ್ಲಿಗೆ ನಿಲ್ಲುತ್ತೆ ಅಂತ ನೋಡೋ ಪರೀಕ್ಷೆ. "ಅದು ಒಂದನೇ ಗೇರು, ರಿವರ್ಸು ನೋಡೋಕೆ. ನಿಮ್ಮ ಕಂಪ್ಲೇಂಟ್ ಮೂರನೇದು. ಸುಮ್ನೆ ಅದನ್ನ ಯಾಕೆ ಬೇಯಿಸೋದು?" ಅಂದರು. ಮತ್ತೆ ಅದೇ ಟೇಬಲ್ಲು! (ಮನೆಯಲ್ಲಿ ಯಾರೂ ಇದನ್ನು ಮಾಡೋಕೆ ಹೋಗಬೇಡಿ. ಗೇರ್‌ಬಾಕ್ಸ್ ಕಾದು ಹಾಳಾಗುತ್ತೆ, ಬ್ರೇಕ್ ಜಾರಿದರೆ ಕಾರು ಗೋಡೆಗೆ.)

ಕೊನೆಗೆ ಆಗಿದ್ದು ಇಷ್ಟು. ಸೀಲ್ ಬದಲಾವಣೆ. ಸರಿಯಾದ ಆಯಿಲ್ ತುಂಬಿ, ಕೆಲವು ದಿನ ಓಡಿಸಿ, ಇಳಿಸಿ ಮತ್ತೆ ತುಂಬಿದ್ದು. ಒಂದು ಸಲ ಇಳಿಸಿದರೆ ಟಾರ್ಕ್ ಕನ್ವರ್ಟರಿನೊಳಗಿನ ಹಳೇ ಆಯಿಲ್ ಹಾಗೇ ಉಳಿದುಬಿಡುತ್ತೆ, ಅದಕ್ಕೆ ಎರಡು ಸಲ. ಗೇರ್‌ಬಾಕ್ಸಿನ ಕಂಪ್ಯೂಟರು ಇಷ್ಟು ದಿನ ಕಲಿತಿದ್ದ ಹೊಂದಾಣಿಕೆಗಳನ್ನು ಅಳಿಸಿ ಹೊಸದಾಗಿ ಕಲಿಸಿದ್ದು. ನೋಡಿದ್ದರ ಒಂದೂವರೆ ಸಾವಿರವೂ ಸೇರಿ ಹನ್ನೆರಡು ಸಾವಿರದ ಮುನ್ನೂರು ರೂಪಾಯಿ.

ಸಿನಿಮಾದ ಹಾಗೆ ಎಲ್ಲಾ ಸರಿಹೋಯ್ತು ಅಂತ ಹೇಳಲ್ಲ. ಆರು ತಿಂಗಳು, ಸುಮಾರು ನಾಲ್ಕು ಸಾವಿರ ಕಿಲೋಮೀಟರ್ ಓಡಿದ ಮೇಲೂ ಮಟಮಟ ಮಧ್ಯಾಹ್ನ ಏರುರಸ್ತೆಯಲ್ಲಿ ಒಮ್ಮೊಮ್ಮೆ ಸಣ್ಣದಾಗಿ ಕೆಮ್ಮುತ್ತೆ. "ಗ್ಯಾರಂಟಿ ಕೊಡಲ್ಲ ಸಾರ್. ಕಡಿಮೆ ಆಯಿಲ್ಲಲ್ಲಿ ಓಡಿದೆ, ಪ್ಲೇಟು ಸ್ವಲ್ಪ ಸವೆದಿರುತ್ತೆ. ಆದ್ರೆ ಸತ್ತಿಲ್ಲ" ಅಂತ ಮೇಸ್ತ್ರಿ ಮೊದಲೇ ಹೇಳಿದ್ದರು. ಕಾರಿಗೆ ಆಗ ಹದಿನೈದು ತುಂಬೋಕೆ ಹೆಚ್ಚು ದಿನ ಇರಲಿಲ್ಲ. ಆಮೇಲೆ ಫಿಟ್‌ನೆಸ್ ಪರೀಕ್ಷೆ, ಮರುನೋಂದಣಿ ಅಂತ ಇರುತ್ತಲ್ಲ. ಒಂದು ಲಕ್ಷ ಎಪ್ಪತ್ತು ಸಾವಿರದ ಗೇರ್‌ಬಾಕ್ಸ್ ಹಾಕೋದು ಹೇಗೂ ತಪ್ಪು ಲೆಕ್ಕ. ಈಗ ಅಪ್ಪ ಅಮ್ಮ ಓಡಾಡುತ್ತಿದ್ದಾರೆ, ಮುಂದಿನ ಕಾರಿಗೆ ನಾನು ದುಡ್ಡು ಕೂಡಿಸುತ್ತಿದ್ದೇನೆ. ಆ ಹನ್ನೆರಡು ಸಾವಿರಕ್ಕೆ ನಮಗೆ ಸಿಕ್ಕಿದ್ದು ಸಮಯ, ಅದು ಸಾಕು.

*

ಈಗ ಜಗಳಕ್ಕೆ ಬರೋಣ.

"ಎಲ್ಲಾ ಗ್ಯಾರೇಜಿನವರೂ ಕಳ್ಳರು" ಅಂತ ಬರೆದರೆ ಐವತ್ತು ಕಾಮೆಂಟು ಗ್ಯಾರಂಟಿ. ಆದರೆ ನನಗೆ ಹಾಗನ್ನಿಸುತ್ತಿಲ್ಲ. ಆ ಸರ್ವಿಸ್ ಸೆಂಟರಿನ ಹುಡುಗ ನನ್ನ ಕಾರಿನ ಜೊತೆ ಎರಡು ಗಂಟೆ ಯೋಚಿಸಿದ್ದರೆ ಅವನ ಬಿಲ್ಲಿನಲ್ಲಿ ಅದಕ್ಕೆ ಯಾವ ಸಾಲಿದೆ? ಪಾರ್ಟು ಹಾಕಿದರೆ ಪಾರ್ಟಿನ ದುಡ್ಡು, ಬಿಚ್ಚಿ ಜೋಡಿಸಿದರೆ ಲೇಬರು. ಯೋಚಿಸಿ "ಏನೂ ಬದಲಾಯಿಸೋದು ಬೇಡ, ಸೀಲು ಸೋರ್ತಿದೆ" ಅಂದರೆ ಅವನಿಗೆ ಸೊನ್ನೆ. ಅದರ ಮೇಲೆ ನಾವು "ಅಷ್ಟೇನಾ? ಹಾಗಾದ್ರೆ ದುಡ್ಡು ಯಾಕೆ?" ಅಂತ ಕೇಳ್ತೀವಿ. ಚೆನ್ನಾಗಿರೋ ಸೊಲೆನಾಯ್ಡನ್ನು ತೆಗೆದು ಹೊಸದು ಹಾಕಿದ್ದರೆ ಆ ಮೇಸ್ತ್ರಿಗೆ ಲಾಭವಿತ್ತು, ನಾನೇ ಬಾಯಿಬಿಟ್ಟು ಹಾಕಿ ಅಂದಿದ್ದೆ. ಹಾಕಲಿಲ್ಲ ಅಂದರೆ ಅದಕ್ಕೆ ಅವರ ಒಳ್ಳೆತನ ಕಾರಣ, ನಿಜ. ಆದರೆ ನೋಡಿದ್ದಕ್ಕೇ ದುಡ್ಡು ಸಿಗುತ್ತೆ ಅಂತ ಮೊದಲೇ ಮಾತಾಗಿದ್ದೂ ಒಂದು ಕಾರಣ. ಒಳ್ಳೆತನಕ್ಕೂ ಅಕ್ಕಿ ಬೇಳೆ ಬೇಕಲ್ವಾ?

ನನಗೆ ನಾಚಿಕೆಯಾಗಿದ್ದು ಇದರಿಂದ. ನಾನು ಬದುಕುತ್ತಿರೋದೇ ನೋಡುವ ಕೆಲಸದಿಂದ. ಮೂರು ದಿನ ಲಾಗ್ ಫೈಲ್ ಓದಿ, ತಲೆ ಕೆರೆದುಕೊಂಡು, ಕೊನೆಗೆ ಒಂದು ಸಾಲು ಬದಲಾಯಿಸಿದ ದಿನಗಳಿವೆ. ಒಂದು ಸಾಲಿಗೆ ಮೂರು ದಿನದ ಸಂಬಳ ಯಾಕೆ ಅಂತ ಯಾರೂ ಕೇಳಿಲ್ಲ. ಮಾಡಿದ್ದು ಒಂದು ಸಾಲಾದರೂ, ಸಂಬಳ ಬಂದಿದ್ದು ಯಾವ ಸಾಲು ಅಂತ ಹುಡುಕಿದ್ದಕ್ಕೆ. ಅದೇ ಕೆಲಸವನ್ನು ಗ್ರೀಸ್ ಮೆತ್ತಿದ ಕೈಯವರು ಮಾಡಿದಾಗ ನನ್ನ ಬಾಯಲ್ಲಿ ಬಂದ ಮಾತು "ಬರೀ ನೋಡೋದಕ್ಕಾ?" ಡಾಕ್ಟರಿಗೆ ಐನೂರು ರೂಪಾಯಿ ಕೊಟ್ಟು, ಅವರು "ಏನೂ ಇಲ್ಲ, ಮಾತ್ರೆ ಬೇಡ" ಅಂದರೆ ಖುಷಿಯಿಂದ ಬರ್ತೀವಿ. ಮೆಕ್ಯಾನಿಕ್ಕು ಹಾಗಂದರೆ ಮೋಸ ಹೋದ ಹಾಗೆ ಅನ್ನಿಸುತ್ತೆ. ಯಾಕೆ?

ಇದಕ್ಕೆ ಎದುರು ಮಾತೂ ಇದೆ, ನನ್ನ ಗೆಳೆಯನೇ ಹೇಳಿದ. "ನಿಂಗೆ ಒಳ್ಳೇ ಮೇಸ್ತ್ರಿ ಸಿಕ್ಕಿದ, ಸರಿ. ಎಲ್ಲರೂ ನೋಡಿದ್ದಕ್ಕೆ ಒಂದೂವರೆ ಸಾವಿರ ತಗೊಂಡು ಆಮೇಲೂ ಗೇರ್‌ಬಾಕ್ಸೇ ಬದಲಾಯಿಸಿ ಅಂದ್ರೆ?" ಅಂದ. ಆಗಬಹುದು. ಅದಕ್ಕೇ ನೋಡಿದ್ದಕ್ಕೆ ದುಡ್ಡು ಕೊಡುವಾಗ ಏನು ನೋಡಿದಿರಿ, ಏನು ಕಂಡಿತು ಅಂತ ಕೇಳಿ ಬರೆಸಿಕೊಳ್ಳಬೇಕು. ಆಯಿಲ್ ಮಟ್ಟ ಎಷ್ಟು, ಬಣ್ಣ ವಾಸನೆ ಹೇಗಿತ್ತು, ಕಂಪ್ಯೂಟರಿನಲ್ಲಿ ಯಾವ ಕೋಡು ಬಂತು, ಒತ್ತಡ ಅಳೆದರೆ ಎಷ್ಟು ಬಂತು. ಗೇರಿನ ಅನುಪಾತ ತಪ್ಪಿದೆ ಅನ್ನೋಕೆ ಪಿ-0730 ಅಂತ ಕೋಡಿದೆ. ಮೂರನೇ ಗೇರಿನದ್ದೇ ಆದರೆ ಪಿ-0733. ಉತ್ತರ ಇಲ್ಲದೆ ಬರೀ "ಗೇರ್‌ಬಾಕ್ಸ್ ಹೋಗಿದೆ" ಅಂದರೆ ಅವರು ನೋಡಿಲ್ಲ ಅಂತ ಅರ್ಥ, ಎದ್ದು ಬನ್ನಿ. ಕೆಲವೊಮ್ಮೆ ನಿಜವಾಗಲೂ ಹೋಗಿರುತ್ತೆ. ಆಯಿಲ್ ಕಪ್ಪಗಾಗಿ ಸುಟ್ಟ ವಾಸನೆ ಬರ್ತಿದ್ದರೆ, ಒಂದು ಗೇರು ಬಿದ್ದ ಮೇಲೂ ಜಾರುತ್ತಲೇ ಇದ್ದರೆ, ಪ್ಲೇಟು ಮುಗಿದಿದೆ ಅಂತ. ಆಗ ಆಯಿಲ್ ಬದಲಾಯಿಸೋದು, ಸ್ಲಿಪ್ ನಿಲ್ಲಿಸ್ತೀವಿ ಅನ್ನೋ ಬಾಟಲಿ ಸುರಿಯೋದು ದುಡ್ಡು ದಂಡ. ಬಿಚ್ಚಿ ಓವರ್‌ಹಾಲ್ ಮಾಡಿಸಬೇಕು, ಇಲ್ಲಾ ಕಾರಿಗೆ ಕೈ ಮುಗಿಯಬೇಕು. ಅದೂ ನೋಡಿದ ಮೇಲೆ ಬರಬೇಕಾದ ತೀರ್ಮಾನ.

"ಹಳೇ ಕಾರಿನ ಗೇರ್‌ಬಾಕ್ಸ್ ಆಯಿಲ್ ಬದಲಾಯಿಸಬಾರದು, ಬದಲಾಯಿಸಿದ್ರೆ ಗೇರ್‌ಬಾಕ್ಸೇ ಹೋಗುತ್ತೆ" ಅಂತ ಇನ್ನೊಂದು ಮಾತು ನೀವು ಕೇಳಿರ್ತೀರಿ. ಸಾಮಾನ್ಯವಾಗಿ ಜನ ಆಯಿಲ್ ಬಗ್ಗೆ ಯೋಚಿಸೋದೇ ಜಾರೋಕೆ ಶುರುವಾದ ಮೇಲೆ. ಅಷ್ಟೊತ್ತಿಗೆ ಪ್ಲೇಟು ಸವೆದಿರುತ್ತೆ. ಆಯಿಲ್ ಬದಲಾಯಿಸಿದ ಮರುವಾರ ನಿಂತರೆ ತಪ್ಪು ಹೊಸ ಆಯಿಲ್ಲಿನ ತಲೆಗೆ. ಆಸ್ಪತ್ರೆಗೆ ಸೇರಿಸಿದ್ದಕ್ಕೇ ತಾತ ಹೋದರು ಅಂದ ಹಾಗೆ.

ನಿಮ್ಮ ಮನೆಯ ಹಳೇ ಆಟೋಮ್ಯಾಟಿಕ್ಕೂ ಕೂಗೋಕೆ ಶುರು ಮಾಡಿದರೆ, ನಾನು ಕಲಿತಿದ್ದು ಇಷ್ಟು:

1. ಮೊದಲು ನಿಮ್ಮದು ಯಾವ ಥರದ ಆಟೋಮ್ಯಾಟಿಕ್ ಅಂತ ತಿಳ್ಕೊಳ್ಳಿ. 2014ರಲ್ಲಿ ಮಾರುತಿ ಸೆಲೆರಿಯೊ ಜೊತೆ ನಮ್ಮಲ್ಲಿ ಬಂದ ಎಎಂಟಿ ಅಂದರೆ ಮಾಮೂಲಿ ಗೇರ್‌ಬಾಕ್ಸೇ, ಕ್ಲಚ್ಚನ್ನು ಕಾಲಿನ ಬದಲು ಯಂತ್ರ ಒತ್ತುತ್ತೆ ಅಷ್ಟೇ. ಅದು ಜಾರಿದರೆ ನೋಡಬೇಕಾದ್ದು ಆ ಕ್ಲಚ್ಚು. ಸಿವಿಟಿಯಲ್ಲಿ ಬೆಲ್ಟು. ಇಲ್ಲಿ ಹೇಳಿದ ಕಥೆ ಟಾರ್ಕ್ ಕನ್ವರ್ಟರಿನದ್ದು.

2. ಗ್ಯಾರೇಜಿಗೆ ಹೋಗೋ ಮುಂಚೆ ಒಂದು ಚೀಟಿ ಬರೀರಿ. ಬಿಸಿಯೋ ತಣ್ಣಗೋ, ಯಾವ ವೇಗ, ಯಾವ ಗೇರು, ರಿವರ್ಸ್ ಹೇಗೆ, ಕಳೆದ ಎರಡು ವರ್ಷದಲ್ಲಿ ಆ ಭಾಗದಲ್ಲಿ ಯಾರು ಏನು ಬಿಚ್ಚಿದ್ದರು.

3. ಜಾರುತ್ತಿದ್ದರೆ ಓಡಿಸ್ತಾ ಹೋಗಬೇಡಿ. ಪ್ರತಿ ಜಾರಿಕೆಯೂ ಬಿಸಿ, ಬಿಸಿಯೇ ಪ್ಲೇಟಿಗೂ ಆಯಿಲ್ಲಿಗೂ ಶತ್ರು. ಗೊತ್ತಾಗೋವರೆಗೂ ಅಮ್ಮನ ಕೈಗೆ ಕೀ ಕೊಟ್ಟಿರಲಿಲ್ಲ, ಎರಡು ವಾರ ಬಾಡಿಗೆ ಕಾರಿನಲ್ಲೇ ಓಡಾಡಿದರು. ಆವತ್ತು ಶಾಂತಿಗ್ರಾಮದಿಂದ ಮನೆಗೆ ಹೇಗೆ ಬಂದ್ರಿ ಅಂತ ಕೇಳಿದ್ದಕ್ಕೆ, "ಲಿವರ್ ಎರಡಕ್ಕೆ ಹಾಕ್ಕೊಂಡು ನಿಧಾನಕ್ಕೆ ಬಂದೆ, ಅಲ್ಲಿ ಕೂಗ್ತಿರಲಿಲ್ಲ" ಅಂದರು. ಮೂರಕ್ಕೆ ಹೋಗದಿದ್ದರೆ ಜಾರಲ್ಲ ಅಂತ ಅವರು ಯಾವ ಟೇಬಲ್ಲೂ ಇಲ್ಲದೆ ಕಂಡುಕೊಂಡಿದ್ದರು!

4. ನೋಡಿದ್ದಕ್ಕೆ ದುಡ್ಡು ಕೊಡಿ. ಕೇಳದಿದ್ದರೂ ಕೊಡಿ. "ಸರಿಯಾಗಿ ನೋಡಿ ಹೇಳಿ, ನೋಡಿದ್ದಕ್ಕೆ ಕೊಡ್ತೀನಿ" ಅಂತ ಮೊದಲೇ ಹೇಳಿ.

ದುಡ್ಡು ಕೊಡುವಾಗ ಮೇಸ್ತ್ರಿ ಹೇಳಿದ ಒಂದು ಮಾತು. "ಈ ಊರಲ್ಲಿ ನೋಡೋದಕ್ಕೆ ಅಂತ ದುಡ್ಡು ಕೇಳಿದ್ರೆ ಹತ್ತರಲ್ಲಿ ಎಂಟು ಜನ ಫೋನ್ ಇಟ್ಟುಬಿಡ್ತಾರೆ ಸಾರ್. ನೀವೂ ಇಡ್ತೀರಿ ಅಂದ್ಕೊಂಡಿದ್ದೆ." ನಾನೂ ಇಡುವವನೇ ಇದ್ದೆ. ಪಕ್ಕದಲ್ಲಿ ಕೂತಿದ್ದ ಅಪ್ಪ, ಈಗ ಮಾತು ತಡವರಿಸುವ ಅಪ್ಪ, ಬಲಗೈ ಎತ್ತಿ "ಕೊಡು... ಕೊಡು" ಅಂದಿದ್ದರಿಂದ ಇಡಲಿಲ್ಲ.

ಕಾರು ಇವತ್ತೂ ಫಿಸಿಯೋಥೆರಪಿಗೆ ಹೋಗಿ ಬಂತು ಅಂತ ಈಗಷ್ಟೇ ಅಮ್ಮನ ಫೋನ್ ಬಂದಿತ್ತು. ಕೂಗಲಿಲ್ಲವಂತೆ.

ನಿಮ್ಮೂರಲ್ಲೂ ಬಿಚ್ಚೋ ಮುಂಚೆ ನೋಡುವ ಇಂಥವರು ಇದ್ದಾರಾ? ನೀವು ನೋಡಿದ್ದಕ್ಕೆ ಅಂತ ಯಾವತ್ತಾದರೂ ದುಡ್ಡು ಕೊಟ್ಟಿದೀರಾ? ಇಲ್ಲಾ ನನ್ನ ಹಾಗೇ "ಅಷ್ಟಕ್ಕೂ ದುಡ್ಡಾ?" ಅಂದವರಾ? ಕೆಳಗೆ ಬರೀರಿ. ಬೈಯೋರೂ ಬೈಬಹುದು, ಡಿಪ್‌ಸ್ಟಿಕ್ ವಿಷಯ ಒಂದು ಬಿಟ್ಟು. ಅದಕ್ಕೆ ಅಮ್ಮ ಒಬ್ಬರೇ ಸಾಕು.